ಪ್ರತಿ ಸಲ ತಪ್ಪುವ ಮೇಸ್ತ್ರಿ

ಎಡ್ನಾ ಕ್ಲೆಗ್ ಮಾಡುವ ಕೆಲಸ ಏನೆಂದು ಅವಳ ಅಕ್ಕನಿಗೆ ಹನ್ನೊಂದು ವರ್ಷವಾದರೂ ತಲೆಗೆ ಹತ್ತಿರಲಿಲ್ಲ. ಭಾನುವಾರದ ಊಟಕ್ಕೆ ಕೂತಾಗಲೆಲ್ಲ ಆ ಮಾತು ಬರುತ್ತಿತ್ತು. ಎಡ್ನಾ ತಾಳ್ಮೆಯಿಂದ ಹೇಳುತ್ತಿದ್ದಳು: "ಅಂಗೈಯಗಲದ ಅಡುಗೆಮನೆ, ಕೆಳಗೆ ದೊಡ್ಡ ನೆಲಮಾಳಿಗೆ ಅಂದ್ಕೋ. ಒಂದೊಂದು ಸಾಮಾನಿಗೂ ಮೆಟ್ಟಿಲಿಳಿದು ಹೋದ್ರೆ ಒಲೆ ಮೇಲಿಟ್ಟಿದ್ದು ಸೀದುಹೋಗುತ್ತೆ. ಯಾವ ಸಾಮಾನು ಯಾವಾಗ ಮೇಲೆ ಬರ್ಬೇಕು, ಅದಕ್ಕೆ ಜಾಗ ಮಾಡೋಕೆ ಯಾವ್ದು ಕೆಳಗೆ ಹೋಗ್ಬೇಕು ಅಂತ ಮೊದಲೇ ಬರೆದು ಕೊಡೋಳು ನಾನು."

ಅಕ್ಕ ಆಲೂಗಡ್ಡೆ ಬಡಿಸುತ್ತ, "ಅದಕ್ಕೆ ಗಣಿತ ಯಾಕೆ ಓದ್ಬೇಕಿತ್ತೇ, ನಮ್ಮಮ್ಮ ಓದದೇನೇ ಮಾಡ್ತಿದ್ಳಲ್ಲ," ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಹೋಲಿಕೆಯೇನೋ ಸರಿಯಾಗಿಯೇ ಇತ್ತು. ಮ್ಯಾಂಚೆಸ್ಟರಿನ ಆ ಗಣಕ ಕೇಂದ್ರದ ಹಳೆಯ ಯಂತ್ರಕ್ಕೆ ಎರಡು ಬಗೆಯ ನೆನಪು. ಒಂದು ಕೋರ್. ತಂತಿಯಲ್ಲಿ ಪೋಣಿಸಿದ ಸಾಸಿವೆಯಂಥ ಉಂಗುರಗಳದ್ದು. ಕೇಳಿದ್ದನ್ನು ಆ ಕ್ಷಣವೇ ಕೊಡುತ್ತಿತ್ತು, ಆದರೆ ಅದರಲ್ಲಿ ಹಿಡಿಸುವುದು ಕಡಿಮೆ. ಇನ್ನೊಂದು ಡ್ರಮ್. ಗಿರ್ರನೆ ತಿರುಗುವ ಉರುಳೆ. ಎಷ್ಟು ತುಂಬಿದರೂ ಹಿಡಿಸುತ್ತಿತ್ತು, ಆದರೆ ಬೇಕಾದದ್ದು ಸುತ್ತಿಕೊಂಡು ಎದುರಿಗೆ ಬರುವತನಕ ಯಂತ್ರ ಕೈಕಟ್ಟಿ ಕಾಯಬೇಕು. ಅಷ್ಟು ಹೊತ್ತಿನಲ್ಲಿ ಅದು ಸಾವಿರ ಲೆಕ್ಕ ಮಾಡಿ ಮುಗಿಸಬಹುದಿತ್ತು. ಹಾಗಾಗಿ ವಿಮಾನದ ರೆಕ್ಕೆಯ ಲೆಕ್ಕ ತಂದವರೂ, ಹರಳಿನ ಲೆಕ್ಕ ತಂದವರೂ ಮೊದಲು ಬರುತ್ತಿದ್ದುದು ಎಡ್ನಾಳ ಮೇಜಿಗೆ. ಅವಳು ಲೆಕ್ಕವನ್ನು ಹಾಳೆ ಹಾಳೆಯಾಗಿ ಸೀಳಿ, ಯಾವ ಹಾಳೆ ಯಾವ ಗಳಿಗೆಗೆ ಡ್ರಮ್ಮಿನಿಂದ ಕೋರಿಗೆ ಏರಬೇಕು, ಯಾವುದು ಇಳಿಯಬೇಕು ಎಂದು ಸಾಲು ಸಾಲಾಗಿ ಬರೆದುಕೊಡುತ್ತಿದ್ದಳು. ದೊಡ್ಡ ದೊಡ್ಡ ಪ್ರೊಫೆಸರುಗಳು ಆ ಮೇಜಿನ ಮುಂದೆ ಟೋಪಿ ಕೈಯಲ್ಲಿ ಹಿಡಿದು ನಿಂತದ್ದುಂಟು.

1963ರ ಚಳಿಗಾಲಕ್ಕೆ ಹೊಸ ಯಂತ್ರ ಬಂತು, ಅದರ ಜೊತೆಗೆ ಡಾಕ್ಟರ್ ಲಯನಲ್ ಹಾರ್ಗ್ರೀವ್ಸ್ ಬರೆದ ಪ್ರೋಗ್ರಾಮೂ ಬಂತು. ಯಂತ್ರದೊಳಗೇ ಕೂತು, ಉಳಿದ ಪ್ರೋಗ್ರಾಮುಗಳ ಮೇಲೆಲ್ಲ ಕಣ್ಣಿಟ್ಟು, ಹಾಳೆಗಳನ್ನು ತಾನೇ ಹತ್ತಿಸಿ ಇಳಿಸುವ ಪ್ರೋಗ್ರಾಂ ಅದು. ಎಲ್ಲರೂ ಅದಕ್ಕೆ ಮೇಸ್ತ್ರಿ ಎಂದು ಹೆಸರಿಟ್ಟರು. ಇನ್ನು ಮೇಲೆ ಲೆಕ್ಕ ತಂದವರಿಗೆ ಕೋರ್ ಯಾವುದು, ಡ್ರಮ್ ಯಾವುದು ಎಂಬ ಗೊಡವೆಯೇ ಬೇಡ. ಎಲ್ಲವೂ ಒಂದೇ ದೊಡ್ಡ ಕೋಣೆ ಎಂದುಕೊಂಡು ಬರೆದರಾಯಿತು.

ಕೇಂದ್ರದ ಮುಖ್ಯಸ್ಥರಾದ ಮಿಸ್ಟರ್ ಆಗ್ಡನ್ ಮಾತನ್ನು ಸುತ್ತಿಬಳಸಿ ಆಡುವವರಲ್ಲ. ಎಡ್ನಾಳನ್ನು ಕರೆಸಿ, ಗುರುವಾರ ಹತ್ತು ಗಂಟೆಗೆ ಸಮಿತಿ ಕೂರುತ್ತದೆ ಎಂದರು. ಬುಧವಾರ ಒಂದೇ ಲೆಕ್ಕವನ್ನು ಎರಡು ರೀತಿ ಓಡಿಸುವುದು, ಅವಳು ಸೀಳಿಕೊಟ್ಟಂತೆ ಒಮ್ಮೆ, ಮೇಸ್ತ್ರಿಗೆ ಬಿಟ್ಟು ಒಮ್ಮೆ. ಮೇಸ್ತ್ರಿ ಸರಿಸಮ ಬಂದರೆ ಎಡ್ನಾಳ ಮೇಜು ಮುಚ್ಚುತ್ತದೆ. ಅವಳಿಗೆ ಯಂತ್ರಕ್ಕೆ ಉಣಿಸುವ ಕಾಗದದ ಟೇಪಿಗೆ ತೂತು ಹೊಡೆಯುವ ಪಂಚ್ ಕೋಣೆಯಲ್ಲಿ ಜಾಗವಿದೆ.

ಪಂಚ್ ಕೋಣೆಯಿಂದಲೇ ಅವಳು ಮೇಲೆ ಬಂದಿದ್ದು. ಸಾಲಾಗಿ ಕೂತ ಇಪ್ಪತ್ತು ಹುಡುಗಿಯರು, ಯಾರೋ ಬರೆದದ್ದನ್ನು ಹಾಗೆಯೇ ಟಕಟಕ ಒತ್ತುವುದು. ನಲವತ್ತೆರಡನೆಯ ವಯಸ್ಸಿನಲ್ಲಿ ಅಲ್ಲಿಗೆ ಮರಳುವುದೆಂದರೆ, ಹನ್ನೊಂದು ವರ್ಷ ಏರಿದ ಮೆಟ್ಟಿಲನ್ನು ಎಲ್ಲರ ಕಣ್ಣೆದುರಿಗೆ ಇಳಿದಂತೆ.

ಪರೀಕ್ಷೆಗೆ ಆರಿಸಿದ್ದು ಒಂದು ಊರಿನ ನೀರಿನ ಕೊಳವೆಗಳ ಲೆಕ್ಕ. ಪ್ರತಿ ಕೊಳವೆಯಲ್ಲಿ ಒತ್ತಡ ಎಷ್ಟು ಎಂದು ಮೊದಲಿನಿಂದ ಕೊನೆಯವರೆಗೆ ನೋಡುತ್ತ ಹೋಗುವುದು, ತಿದ್ದುವುದು, ಮತ್ತೆ ಮೊದಲಿನಿಂದ ಶುರು. ಅಂಕಿಗಳು ಕದಲದೆ ನಿಲ್ಲುವವರೆಗೆ ಸುತ್ತಿನ ಮೇಲೆ ಸುತ್ತು. ಕೋರಿನಲ್ಲಿ ಮೂವತ್ತೆರಡು ಹಾಳೆಗೆ ಜಾಗ. ಪ್ರೋಗ್ರಾಮಿಗೇ ಒಂದು ಹೋದರೆ ಉಳಿದದ್ದು ಮೂವತ್ತೊಂದು. ಕೊಳವೆಗಳದ್ದು ಮೂವತ್ತೆರಡು ಹಾಳೆ. ಒಂದೇ ಒಂದು ಹೆಚ್ಚು.

ಬುಧವಾರ ಮಧ್ಯಾಹ್ನ ಎಡ್ನಾ ಸೀಳಿದ್ದು ಹನ್ನೊಂದು ನಿಮಿಷದಲ್ಲಿ ಮುಗಿಯಿತು. ಆಮೇಲೆ ಮೇಸ್ತ್ರಿಯ ಸರದಿ. ಹನ್ನೊಂದಾಯಿತು, ಇಪ್ಪತ್ತಾಯಿತು. ಮೂವತ್ತಕ್ಕೆ ಬಂದಾಗ ಯಾರೋ, ಆ ಊರಿನವರು ಅಷ್ಟರಲ್ಲಿ ಬಾವಿ ತೋಡಿಕೊಳ್ಳಬಹುದಿತ್ತು ಎಂದರು. ನಲವತ್ತಕ್ಕೆ ಆಗ್ಡನ್ ಗಡಿಯಾರ ನೋಡಿ, ನಿಲ್ಲಿಸಿ ಎಂದರು. ಹಾರ್ಗ್ರೀವ್ಸನ ಮುಖ ಗೋಡೆಯ ಸುಣ್ಣದ ಬಣ್ಣಕ್ಕೆ ತಿರುಗಿತ್ತು.

ಯಂತ್ರ ನಡೆಸುವ ವಿಲ್ಫ್ ಎಡ್ನಾಳ ಹತ್ತಿರ ಬಂದು, "ನಿನ್ನ ಮೇಜಿಗೆ ಇನ್ನೊಂದು ಹತ್ತು ವರ್ಷ ಆಯಸ್ಸು ಬಂತು ಕಣೇ. ಸಂಜೆ ಬಿಯರ್ ನಿಂದು," ಎಂದ.

ಎಡ್ನಾಳಿಗೂ ಖುಷಿಯೇ ಆಗಿತ್ತು, ಸುಳ್ಳು ಯಾಕೆ ಹೇಳಬೇಕು. ಆದರೆ ಆ ಖುಷಿಯೊಳಗೆ ಒಂದು ಸದ್ದು ಕಲ್ಲಿನ ಹಾಗೆ ಕೂತಿತ್ತು. ಯಂತ್ರಕ್ಕೆ ಒಂದು ಧ್ವನಿವರ್ಧಕ ಜೋಡಿಸಿದ್ದರು. ಲೆಕ್ಕ ನಡೆಯುತ್ತಿರುವಾಗ ಅದು ಗುಂಯ್ ಎನ್ನುತ್ತಿತ್ತು. ಒಂದೊಂದು ಪ್ರೋಗ್ರಾಮಿಗೂ ಒಂದೊಂದು ರಾಗ. ಡ್ರಮ್ಮಿಗಾಗಿ ಕಾಯುವಾಗ ರಾಗ ಕಡಿಯುತ್ತಿತ್ತು. ಬೆನ್ನು ಹಾಕಿ ಕೂತರೂ ಯಾರ ಲೆಕ್ಕ ಓಡುತ್ತಿದೆ, ಎಲ್ಲಿ ಎಡವಿತು ಎಂದು ಅಲ್ಲಿಯವರು ಕಿವಿಯಲ್ಲೇ ಹೇಳುತ್ತಿದ್ದರು. ಇವತ್ತು ಮೇಸ್ತ್ರಿ ಓಡುವಾಗ ರಾಗ ಕಡಿಯಿತು, ಬಂತು, ಕಡಿಯಿತು, ಬಂತು. ನಲವತ್ತು ನಿಮಿಷವೂ ಮಗ್ಗದ ಲಾಳಿ ಬಡಿದ ಹಾಗೆ ಒಂದೇ ಲಯ.

ಅದು ಅವಳಿಗೆ ಒಗ್ಗಲಿಲ್ಲ. ದಡ್ಡನೊಬ್ಬ ಕಣ್ಣು ಮುಚ್ಚಿ ಯಾವುದೋ ಹಾಳೆಯನ್ನು ಕೆಳಗೆ ಎಸೆದರೂ ಹತ್ತರಲ್ಲಿ ಕೆಲವು ಸಲ ಸರಿಬೀಳಬೇಕು; ಆಗ ರಾಗ ಒಂದಿಷ್ಟು ಉದ್ದಕ್ಕೆ ಓಡಬೇಕು. ಇಲ್ಲಿ ಒಮ್ಮೆಯೂ ಓಡಲಿಲ್ಲ. ಒಂದು ಹಾಳೆಯೂ ಬಿಡದೆ ಪ್ರತಿ ಸಲವೂ ತಪ್ಪಬೇಕಾದರೆ ದಡ್ಡತನ ಸಾಲದು. ಅದಕ್ಕೊಂದು ನಿಯಮ ಬೇಕು.

ನಾಲ್ಕು ಗಂಟೆಗೆ ಕ್ಯಾಂಟೀನಿಗೆ ಹೋದಾಗ ಹಾರ್ಗ್ರೀವ್ಸ್ ಕಿಟಕಿಯ ಪಕ್ಕ ಒಬ್ಬನೇ ಕೂತಿದ್ದ, ಮುಂದೆ ತಟ್ಟೆಯಲ್ಲಿ ಮಾಂಸದ ಹೂರಣದ ಪೈ. ಚಹಾ ಕೊಡುವ ಫ್ಲೋರಿ ಎಡ್ನಾಳ ಕಿವಿಗೆ ಬಾಯಿಟ್ಟು, "ಪೈ ತಗೊಂಡು ಅರ್ಧ ಗಂಟೆ ಆಯ್ತು ಚಿನ್ನ, ಮುಟ್ಟಿಲ್ಲ. ಅದಕ್ಕೇ ಶ್ರಾದ್ಧ ಮಾಡೋ ಹಾಗೆ ನೋಡ್ತಾ ಕೂತವ್ರೆ," ಎಂದಳು.

ಎಡ್ನಾ ಅವನ ಎದುರಿಗೆ ಕೂತಳು. ಸಮಾಧಾನ ಹೇಳುವುದಕ್ಕಲ್ಲ, ಆ ನಿಯಮ ಯಾವುದೆಂದು ತಿಳಿಯದಿದ್ದರೆ ಅವಳಿಗೆ ಅವತ್ತು ನಿದ್ದೆ ಬರುವಂತಿರಲಿಲ್ಲ. ಕೇಳಿಯೇ ಬಿಟ್ಟಳು, ಯಾವ ಹಾಳೆ ಕೆಳಗೆ ಹೋಗಬೇಕು ಅಂತ ನಿಮ್ಮ ಮೇಸ್ತ್ರಿ ಹೇಗೆ ಆರಿಸುತ್ತಾನೆ ಎಂದು.

ಅವನು ಅವಳನ್ನೇ ವಿಚಿತ್ರವಾಗಿ ನೋಡಿದ. ಜೇಬಿನಿಂದ ಪುಸ್ತಕ ತೆಗೆದು, ಒಂದು ಪುಟ ತಿರುವಿ ಅವಳ ಮುಂದೆ ತಳ್ಳಿದ. ಹೋದ ವರ್ಷದ ತಾರೀಖು. ಕೆಳಗೆ, 'ಮಿಸ್ ಕ್ಲೆಗ್ ಹೇಳಿದ್ದು: ಬಹಳ ಹೊತ್ತಿಂದ ಯಾವುದನ್ನ ಮುಟ್ಟಿಲ್ವೋ ಅದನ್ನ ಕೆಳಗೆ ಕಳಿಸ್ತೀನಿ.'

"ನಿಯಮ ನಿಮ್ದೇ," ಎಂದ ಹಾರ್ಗ್ರೀವ್ಸ್. "ಈ ದೇಶದಲ್ಲಿ ಈ ಕೆಲಸ ನಿಮಗಿಂತ ಚೆನ್ನಾಗಿ ಮಾಡೋರಿಲ್ಲ ಅಂದ್ರು. ಅದಕ್ಕೇ ನಿಮ್ಮನ್ನ ಕೇಳಿ ಬರ್ಕೊಂಡೆ."

ಎಡ್ನಾಳಿಗೆ ನೆನಪಾಯಿತು. ಅವಳು ಏನೋ ಬರೆಯುತ್ತಿದ್ದಾಗ ಬಂದು ಕೇಳಿದ್ದ. ಅವಳು ತಲೆಯೆತ್ತದೆ ಉತ್ತರ ಕೊಟ್ಟಿದ್ದಳು. ಅದೇ ನಿಜವೆಂದೂ ನಂಬಿದ್ದಳು.

ಅವಳು ಎದ್ದುಹೋಗಿ ಫ್ಲೋರಿಯಿಂದ ನಾಲ್ಕು ಮಗ್ ಇಸಿದುಕೊಂಡು ಬಂದಳು. ಬಿಳಿ, ನೀಲಿ, ಹಸಿರು, ಅಂಚು ಮುಕ್ಕಾದದ್ದೊಂದು. ಪೈ ತಟ್ಟೆ ಸರಿಸಿ, ಟ್ರೇಯಲ್ಲಿ ಮೂರಕ್ಕೆ ಮಾತ್ರ ಜಾಗ ಎಂದಳು. ಟ್ರೇ ಅಂದರೆ ಕೋರ್. ಮೇಜಿನ ಆಚೆ ತುದಿ ಡ್ರಮ್. ಬಿಳಿ, ನೀಲಿ, ಹಸಿರು, ಮುಕ್ಕು. ಇದೇ ಸರದಿಯಲ್ಲಿ ಸುತ್ತು ಸುತ್ತು ಬೇಕು. ನೀವೇ ಮೇಸ್ತ್ರಿ, ನಡೆಸಿ ಎಂದಳು.

ಬಿಳಿ, ನೀಲಿ, ಹಸಿರು ಟ್ರೇಗೆ ಬಂದವು. ಮುಕ್ಕು ಬೇಕಾಯಿತು. ಬಹಳ ಹೊತ್ತಿಂದ ಮುಟ್ಟದ್ದು ಬಿಳಿ. ಅದನ್ನು ಆಚೆಗಿಟ್ಟು ಮುಕ್ಕು ತಂದ. ಮುಂದಿನ ಸರದಿ ಬಿಳಿಯದೇ. ನೀಲಿಯನ್ನು ಆಚೆಗಿಟ್ಟು ಬಿಳಿ ತಂದ. ಈಗ ಬೇಕಾದದ್ದು ನೀಲಿ. ಎರಡನೆಯ ಸುತ್ತಿಗೆ ಅವನ ಕೈ ನಿಂತಿತು.

"ಯಾವುದು ಬೇಕೋ ಅದನ್ನೇ, ಬೇಕಾಗೋ ಒಂದು ಗಳಿಗೆ ಮುಂಚೆ ಆಚೆ ಹಾಕ್ತಿದೀನಿ," ಎಂದ.

"ಪ್ರತಿ ಸಲವೂ," ಎಂದಳು ಎಡ್ನಾ.

"ಮತ್ತೆ ನೀವು ಹೇಗೆ ಹನ್ನೊಂದು ನಿಮಿಷಕ್ಕೆ ಮುಗಿಸಿದ್ರಿ?"

ಅವಳು ಮಗ್‌ಗಳನ್ನು ತಾನೇ ಜೋಡಿಸಿ, ಯೋಚಿಸದೆ, ಕೈ ಹೇಗೆ ಹೋಗುತ್ತದೋ ಹಾಗೆ ಆಡಿಸಿದಳು. ಬಿಳಿ, ನೀಲಿ ಟ್ರೇ ಬಿಟ್ಟು ಅಲುಗಲಿಲ್ಲ. ಹಸಿರು ಮುಗಿದ ಕೂಡಲೇ ಅದೇ ಜಾಗಕ್ಕೆ ಮುಕ್ಕು ಬಂತು. ಮುಕ್ಕು ಮುಗಿದ ಕೂಡಲೇ, ಮುಂದಿನ ಸುತ್ತಿಗೆಂದು, ಅದು ಹೋಗಿ ಮತ್ತೆ ಹಸಿರು ಬಂತು. ಸುತ್ತಿಗೆ ಎರಡೇ ಸಾಗಾಟ.

"ಈಗ ತಾನೇ ಮುಗಿದಿದ್ದನ್ನ ಕಳಿಸ್ತಿದೀನಿ," ಎಂದಳು, ತನಗೇ ಹೇಳಿಕೊಳ್ಳುವ ಹಾಗೆ. "ಸುತ್ತು ಹೊಡೆಯೋ ಲೆಕ್ಕದಲ್ಲಿ ಅದೇ ಅಲ್ವ ಎಲ್ಲಕ್ಕಿಂತ ತಡವಾಗಿ ಬೇಕಾಗೋದು. ನಾನು ನಿಮಗೆ ಹೇಳಿದ್ದೇ ಒಂದು, ಮಾಡ್ತಿದ್ದಿದ್ದೇ ಒಂದು. ನಂಗೇ ಗೊತ್ತಿರ್ಲಿಲ್ಲ."

ಆ ಗಳಿಗೆಯಲ್ಲಿ ಅವಳು ಎದ್ದು ಬಸ್ಸು ಹಿಡಿದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಸಮಿತಿ, ಮೇಜು ಉಳಿಯುತ್ತಿತ್ತು. ಇದು ಅವಳಿಗೆ ಹೊಳೆಯಲಿಲ್ಲವೆಂದಲ್ಲ. ಆದರೆ ಆ ಪುಸ್ತಕದಲ್ಲಿ ಆ ಪೆದ್ದು ನಿಯಮದ ತಲೆಯ ಮೇಲೆ ಅವಳ ಹೆಸರಿತ್ತು. ಮೇಸ್ತ್ರಿ ನಲವತ್ತು ನಿಮಿಷ ಎಡವಿದ್ದು ಅವಳ ಮಾತು ಕೇಳಿ. ಹಾಗೆ ಗೆದ್ದ ಮೇಜಿನ ಮುಂದೆ ಕೂರುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ.

"ನಾಳೆ ಒಂಬತ್ತಕ್ಕೆ ಇನ್ನೊಂದು ಸಲ ಓಡಿಸೋಕೆ ಆಗ್ಡನ್ ಅವ್ರನ್ನ ಕೇಳಿ," ಎಂದಳು. "ಪೈ ತಿಂದು ಕೇಳಿ. ಖಾಲಿ ಹೊಟ್ಟೇಲಿ ನೀವು ಅತ್ತುಬಿಡ್ತೀರ."

ಮುಂದಿನ ಎರಡು ಗಂಟೆ ಇಬ್ಬರೂ ಅಲ್ಲೇ ಕೂತರು. ಬರಿಯ 'ಈಗ ಮುಗಿದದ್ದನ್ನು ಕಳಿಸು' ಎಂದರೆ ಬೇರೆ ಲೆಕ್ಕಗಳು ಹಾಳಾಗುತ್ತವೆ ಎಂದು ಅವನು. ಹಾಗಾದರೆ ಲೆಕ್ಕದ ನಡಿಗೆ ನೋಡಿ ಹೇಳಬೇಕು ಎಂದು ಅವಳು. ಕೊನೆಗೆ ಒಂದು ದಾರಿ ಸಿಕ್ಕಿತು. ಪ್ರತಿ ಹಾಳೆಯೂ ಹೋದ ಸಲ ಎಷ್ಟು ಹೊತ್ತು ಸುಮ್ಮನೆ ಬಿದ್ದಿತ್ತು ಎಂದು ಮೇಸ್ತ್ರಿ ಬರೆದಿಟ್ಟುಕೊಳ್ಳಲಿ. ಅಷ್ಟಕ್ಕಿಂತ ಹೆಚ್ಚು ಹೊತ್ತು ಯಾರೂ ಮುಟ್ಟದಿದ್ದರೆ ಅದರ ಕೆಲಸ ಮುಗಿದಂತೆ, ಅದು ಹೋಗಲಿ. ಅಂಥದ್ದು ಯಾವುದೂ ಇಲ್ಲದಿದ್ದರೆ, ಯಾವುದು ಮತ್ತೆ ಬೇಕಾಗುವುದಕ್ಕೆ ಎಲ್ಲಕ್ಕಿಂತ ಹೆಚ್ಚು ಹೊತ್ತಿದೆಯೋ ಅದು ಹೋಗಲಿ.

ಒಂಬತ್ತಕ್ಕೆ ಓಡಿಸಲು ಆಗ್ಡನ್ ಒಪ್ಪಿದರು. ಹಾರ್ಗ್ರೀವ್ಸ್ ರಾತ್ರಿ ಮನೆಯಲ್ಲಿ ಕೂತು ಅದನ್ನು ಬರೆದು ತಂದ. ಆದರೆ ಪಂಚ್ ಕೋಣೆಯ ಹುಡುಗಿಯರು ಬರುವುದು ಒಂಬತ್ತಕ್ಕೆ. ಎಂಟಕ್ಕೇ ಬಂದ ಎಡ್ನಾ ಕೋಟು ಬಿಚ್ಚದೆ ಅಲ್ಲಿಯ ಒಂದು ಯಂತ್ರದ ಮುಂದೆ ಕೂತು ಟೇಪು ತಾನೇ ಒತ್ತಿದಳು. ಬೆರಳುಗಳು ಮರೆತಿರಲಿಲ್ಲ. ಅದಕ್ಕೆ ಅವಳಿಗೆ ಸಿಟ್ಟೇ ಬಂತು.

ಮೇಸ್ತ್ರಿ ಹನ್ನೆರಡೂವರೆ ನಿಮಿಷದಲ್ಲಿ ಮುಗಿಸಿದ. ಆಗ್ಡನ್ ಕಾಗದ ನೋಡಿ, ಒಂದೂವರೆ ನಿಮಿಷ ಹೆಚ್ಚು, ಆದರೆ ಮಿಸ್ ಕ್ಲೆಗ್ ಇದನ್ನು ಸೀಳುವುದಕ್ಕೆ ತೆಗೆದುಕೊಂಡದ್ದು ಮೂರು ದಿನ ಎಂದರು. ಅದು ನಿಜ. ಸಮಿತಿಗೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ವಿಲ್ಫ್ ಅವಳ ಕಡೆ ನೋಡಿ ತಲೆಯಲ್ಲಾಡಿಸಿದ. ತನ್ನ ಕೊರಳಿಗೆ ತಾನೇ ಹಗ್ಗ ಹೊಸೆದವಳನ್ನು ಇವತ್ತೇ ಕಂಡೆ ಎಂದು ಆಮೇಲೆ ಎಲ್ಲರಿಗೂ ಹೇಳಿದ.

ಹನ್ನೊಂದಕ್ಕೆ ಆಗ್ಡನ್ ಅವಳನ್ನು ಕರೆಸಿದರು. ಸೋಮವಾರದಿಂದ ಪಂಚ್ ಕೋಣೆ ಎಂದರು. ನಿಮಗೆ ಗೊತ್ತಿರುವ ಜಾಗವೇ, ತೊಂದರೆಯಾಗಲಾರದು ಎಂದೂ ಸೇರಿಸಿದರು.

"ನಾನು ಹೋಗಲ್ಲ, ಮಿಸ್ಟರ್ ಆಗ್ಡನ್," ಎಂದಳು ಎಡ್ನಾ.

ಹನ್ನೊಂದು ವರ್ಷದಲ್ಲಿ ಅವಳು ಅವರಿಗೆ ಇಲ್ಲ ಎಂದದ್ದು ಅದೇ ಮೊದಲು. ಅವರು ಕನ್ನಡಕ ತೆಗೆದರು. ಅವಳು ನಿಂತೇ ಹೇಳಿದಳು: "ನಿನ್ನೆ ಕೆಟ್ಟಿದ್ದು ಸುತ್ತು ಹೊಡೆಯೋ ಲೆಕ್ಕ. ನಾಳೆ ಇನ್ಯಾವುದೋ ಕೆಡುತ್ತೆ. ಆಗ ಡಾಕ್ಟರ್ ಹಾರ್ಗ್ರೀವ್ಸ್ ಮತ್ತೆ ನನ್ನ ಹತ್ರ ಬಂದು ನೀವು ಹೇಗೆ ಮಾಡ್ತೀರ ಅಂತ ಕೇಳ್ತಾರೆ. ನಾನು ಮತ್ತೆ ಯಾವುದೋ ಸುಳ್ಳು ನಿಯಮ ಹೇಳಿ ಕಳಿಸ್ತೀನಿ. ನಾನೇನು ಮಾಡ್ತೀನಿ ಅನ್ನೋದು ಕೇಳಿದ್ರೆ ಸಿಗಲ್ಲ. ಪಕ್ಕ ಕೂತು ನೋಡ್ಬೇಕು."

"ಅಂಥ ಹುದ್ದೆ ಇಲ್ವಲ್ಲ, ಮಿಸ್ ಕ್ಲೆಗ್. ಏನಂತ ಬರೀಲಿ?"

"ಅದನ್ನೂ ನಾನೇ ಹೇಳ್ಬೇಕಾ?"

ಆಗ್ಡನ್ ನಗುವವರಲ್ಲ, ನಗಲಿಲ್ಲ. ಹಾರ್ಗ್ರೀವ್ಸ್ ಒಪ್ಪುತ್ತಾನೆಯೇ ಎಂದು ಕೇಳಿದರು. ಹೊರಗೆ ಕಾಯುತ್ತಿದ್ದಾರೆ, ನೀವೇ ಕೇಳಿ ಎಂದಳು. ಅವರು ಕೇಳಲಿಲ್ಲ. ಒಂದು ಹಾಳೆ ಎಳೆದುಕೊಂಡು, ಮೂರು ತಿಂಗಳು ಎಂದು ಬರೆದರು.

"ಆರು," ಎಂದಳು ಎಡ್ನಾ.

"ಮೂರು. ಅಷ್ಟರಲ್ಲಿ ಇನ್ನೊಂದು ಕೆಟ್ಟಿದ್ದನ್ನ ಹಿಡಿದು ತೋರಿಸಿ, ಆಮೇಲೆ ಮಾತಾಡೋಣ."

ಅದು ನ್ಯಾಯವೆಂದೇ ಅವಳಿಗೂ ಅನ್ನಿಸಿತು. ಸಹಿ ಮಾಡಿ ಹೊರಗೆ ಬಂದು, ಮೇಜು ಖಾಲಿ ಮಾಡಲು ಹೋದಳು. ಮಧ್ಯಾಹ್ನದೊಳಗೆ ಅಲ್ಲಿ ಮುದ್ರಣಯಂತ್ರ ತಂದಿಡುವವರಿದ್ದರು.