ರೆಪ್ಪೆ ಮುಚ್ಚಿದ ಮೀನು

ವಸ್ತುಸಂಗ್ರಹಾಲಯದ ಉದ್ದನೆಯ ಗೋಡೆಯ ಮೇಲೆ ಜೀವ ಹುಟ್ಟಿ ಬೆಳೆದ ಕಥೆಯನ್ನೆಲ್ಲ ಚಿತ್ರವಾಗಿ ಬರೆದವರು ನಮ್ಮಪ್ಪ. ಎಡತುದಿಯ ಕಪ್ಪು ಕಡಲಿನಲ್ಲಿ ತೇಲುವ ಮೊಟ್ಟಮೊದಲ ಜೀವಕಣಗಳು ಮಾತ್ರ ನನ್ನವು. ಆಗ ನನಗೆ ಆರು ವರ್ಷ. ಕುಂಚ ಕೈಗಿತ್ತು, "ನೀನು ಚುಕ್ಕಿ ಇಡು, ಮಿಕ್ಕಿದ್ದು ನಾನು ನೋಡ್ಕೋತೀನಿ" ಅಂದಿದ್ದರು.

ಮಾದರಿ ಬೇಕಾದಾಗ ಅಪ್ಪನ ಕೈಗೆ ಮನೆಯವರೇ ಸಿಗುತ್ತಿದ್ದರು. ಆಮೆಯ ಕತ್ತು ಅಜ್ಜಿಯದು. ವಾನರನ ಮುಖದಲ್ಲಿ ತನ್ನ ಮೂಗು ಕಂಡ ಸೋದರಮಾವ ಒಂದು ವರ್ಷ ನಮ್ಮ ಹೊಸ್ತಿಲು ತುಳಿಯಲಿಲ್ಲ. ನೀರಿನಿಂದ ನೆಲಕ್ಕೆ ತೆವಳುವ ಮೀನಿಗೆ ಅಮ್ಮನ ಕಣ್ಣು, ಅದೂ ರೆಪ್ಪೆ ಮುಚ್ಚಿದ್ದು. ಅಪ್ಪನ ಹೆಗಲೇರಿ ನಾನು ಆ ರೆಪ್ಪೆ ಸವರುತ್ತಿದ್ದೆ. ಟರ್ಪೆಂಟೈನ್ ವಾಸನೆ ಬಂದರೆ ಸಾಕು, ಈಗಲೂ ಅಪ್ಪ ಪಕ್ಕದಲ್ಲಿದ್ದಾರೆ ಅನಿಸುತ್ತದೆ.

ಅಪ್ಪ ಹೋಗಿ ಬಹಳ ಕಾಲವಾಯಿತು. ನಾನೂ ಬಣ್ಣದ ಕೆಲಸದವಳೇ ಆದ್ದರಿಂದ ಗೋಡೆಯ ದುರಸ್ತಿ ನನ್ನ ಪಾಲಿಗೆ ಬಂತು. ಹೊಸ ಮೇಲ್ವಿಚಾರಕಿ ಒಳ್ಳೆಯವಳೇ, ಆದರೆ ಹದ್ದಿನ ಕಣ್ಣು.

"ಮೀನಿಗೆಲ್ಲಿಯ ರೆಪ್ಪೆ? ಶಾಲೆ ಮಕ್ಕಳು ನೋಡಿ ನಗ್ತಾರೆ. ಕಣ್ಣು ತೆರೆಸಿಬಿಡಿ," ಎಂದಳು.

ತಪ್ಪು ತಪ್ಪೇ, ವಾದ ಮಾಡುವ ಹಾಗಿರಲಿಲ್ಲ. ಆದರೆ ಕುಂಚ ಎತ್ತಿದರೆ ಕೈಯೇ ಬರಲೊಲ್ಲದು. ಅಪ್ಪ ಅಮ್ಮನನ್ನು ನೋಡುತ್ತಿದ್ದ ಬಗೆ ಉಳಿದಿರುವುದು ಅದೊಂದರಲ್ಲೇ. ಅದನ್ನು ಅಳಿಸಿದರೆ ಅಪ್ಪ ಇನ್ನೊಮ್ಮೆ ಹೋದ ಹಾಗೆ. ಡೈನೋಸಾರ್‌ಗಳ ಬಾಲ ತಿದ್ದುತ್ತ ನಾಲ್ಕಾರು ದಿನ ತಳ್ಳಿದೆ. ಕೊನೆಗೆ ಅಮ್ಮನಿಗೆ ಹೇಳಿದೆ. ಹೇಳುವಾಗ ಅಳು ಬಂತು.

ಅಮ್ಮ ನಕ್ಕುಬಿಟ್ಟಳು. "ಅಯ್ಯೋ ಹುಚ್ಚಿ, ಆ ಗೋಡೆ ಮುಂದೆ ನನ್ನ ಕೂರಿಸಿ ನಿಮ್ಮಪ್ಪ ಹಾಗೆ ನೆಟ್ಟ ನೋಟದಲ್ಲಿ ನೋಡ್ತಾ ನಿಂತ್ರೆ ನಂಗೆ ನಾಚಿಕೆ ಆಗ್ತಿತ್ತು, ಕಣ್ಣು ಮುಚ್ಕೊಂಡೆ. 'ಕಣ್ಣು ಬಿಡೇ, ಮೀನಿಗೆ ರೆಪ್ಪೆ ಇರಲ್ಲ' ಅಂತ ಗೋಗರೆದ್ರು. ನಾನು ಬಿಡ್ಲಿಲ್ಲ."

ಅಂದರೆ ಅಪ್ಪನಿಗೆ ಗೊತ್ತಿತ್ತು. ವಿಜ್ಞಾನ ಸೋತು ಅಮ್ಮ ಗೆದ್ದಿದ್ದಳು.

ಮರುದಿನ ಅವಳೇ ನನ್ನ ಜೊತೆ ಹೊರಟಳು. ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ವಾನರನನ್ನು ಕಂಡು, "ನಮ್ಮಣ್ಣ ಇನ್ನೂ ಹಾಗೇ ಇದಾನೆ," ಎಂದಳು. ಮೀನಿನ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತು, ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಹ್ಞೂಂ, ಶುರು ಮಾಡು."

ನಾನು ಕುಂಚ ಅದ್ದಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ. ನನ್ನ ಪಕ್ಕದಲ್ಲಿ, ಅಂದು ಅಪ್ಪ ನಿಂತು ಬರೆಯುತ್ತಿದ್ದ ಜಾಗವನ್ನೇ ನೋಡುತ್ತಿದ್ದಳು. ಕಣ್ಣು ತುಂಬಿ ಕೆನ್ನೆಗಿಳಿದರೂ, ಕೆಲಸ ಮುಗಿಯುವವರೆಗೆ ಈ ಸಲ ಮುಚ್ಚಲಿಲ್ಲ.