ಕೊನೆಗೆ ಉಳಿದ ಕಣ್ಣು

"ಬ್ಯಾಗ್ ಬಿಚ್ಚಿ ತೋರ್ಸು. ಆ ಡಬ್ಬಾನೂ."

ಜೆ.ಪಿ. ನಗರದ ಹೊಸ ಮನೆಯ ಬಾಗಿಲಿಗೆ ವಿಜಯಲಕ್ಷ್ಮಿ ಅಡ್ಡ ನಿಂತಿದ್ದಳು. ಬೆಳಿಗ್ಗೆ ಕೆಲಸಕ್ಕೆ ಬಂದಿದ್ದ ಕಲ್ಯಾಣಿ ಜಿಪ್ ಎಳೆದಳು. ಬ್ರಶ್ಶುಗಳು, ಟರ್ಪೆಂಟೈನ್ ಬಾಟ್ಲಿ, ಬಣ್ಣ ಒರೆಸುವ ಹಳೇ ಲುಂಗಿ ಚಿಂದಿ, ಚಿತ್ರಾನ್ನದ ಡಬ್ಬಿ.

"ಏನಾದ್ರೂ ಕಳೆದೋಗಿದ್ಯಾ ಮೇಡಂ?"

"ಕಳೆದ್ಮೇಲೆ ಹುಡುಕೋದಕ್ಕಿಂತ ಮೊದ್ಲೇ ನೋಡ್ಕೊಳೋದು ಒಳ್ಳೇದಲ್ವಾ."

ಹೋದ ವಾರದವರೆಗೂ ಇದೇ ಬಾಯಿ 'ಬನ್ನಿ, ಕೂತ್ಕೊಳಿ, ಕಾಫಿ ತಗೊಳಿ' ಅನ್ನುತ್ತಿತ್ತು.

ದೇವರ ಮನೆಯ ಗೋಡೆ ತುಂಬ ಆರಡಿ ಲಕ್ಷ್ಮಿ ಬೇಕೆಂದು ಕರೆಸಿದ್ದರು. ಮೂರು ಸ್ಕೆಚ್ ಆಗಿತ್ತು. ಮೊದಲನೆಯದರಲ್ಲಿ ಮೂಗು ದಪ್ಪ, ಎರಡನೆಯದರಲ್ಲಿ ಸೀರೆ ಹಸಿರು. ಮೂರನೆಯದಕ್ಕೆ, "ಮುಖ ಸ್ವಲ್ಪ ಬೆಳ್ಳಗಾಗ್ಲಿ ಕಲ್ಯಾಣಿ, ನಮ್ಮನೇಲಿ ಎಲ್ರೂ ಕಲರ್ ಇದೀವಿ" ಎಂದಿದ್ದಳು. ಕಾಗದದ ಮೇಲೆ ಸಹಿ ಬೀಳದೆ ಕಲ್ಯಾಣಿ ಗೋಡೆ ಮುಟ್ಟುವವಳಲ್ಲ. ಆ ಕಾಗದದಲ್ಲೇ ಒಂದು ಮಾತೂ ಇತ್ತು: ಬಲಗಡೆ ಕೆಳಗೆ ಎರಡಂಗುಲ ಜಾಗದಲ್ಲಿ ಬರೆದವಳ ಹೆಸರು, ಫೋನ್ ನಂಬರು. ವಿಜಯಲಕ್ಷ್ಮಿಯ ಗಂಡ ತಿಮ್ಮರಾಯಪ್ಪ ನಗುತ್ತಲೇ ಸಹಿ ಹಾಕಿದ್ದ.

ಆ ಎರಡಂಗುಲಕ್ಕಾಗಿಯೇ ಕಲ್ಯಾಣಿ ಈ ಕೆಲಸ ಒಪ್ಪಿದ್ದು. ಫ್ಲೆಕ್ಸ್ ಬಂದ ಮೇಲೆ ಅಂಗಡಿ ಬೋರ್ಡು ಬರೆಸುವವರೇ ಇಲ್ಲ. ಗೃಹಪ್ರವೇಶಕ್ಕೆ ಬರುವ ಮುನ್ನೂರು ಜನರಲ್ಲಿ ಹತ್ತು ಮಂದಿ ಆ ನಂಬರು ಬರೆದುಕೊಂಡರೂ ವರ್ಷವಿಡೀ ಮನೆ ಮನೆ ಬಾಗಿಲು ತಟ್ಟುವುದು ತಪ್ಪುತ್ತಿತ್ತು.

ಅವಳ ಹತ್ತಿರ ಎರಡು ಆಲ್ಬಂ ಇದ್ದವು. ಜಯನಗರ, ಜೆ.ಪಿ. ನಗರದ ಮನೆಗಳಿಗೆ ನೀಲಿಯದು: ಗಣೇಶ, ಕೃಷ್ಣ, ಜೋಡಿ ನವಿಲು. ಕೆಂಪಿನದರಲ್ಲಿ ಸಿದ್ದಾಪುರದ ಸಂಘದ ಗೋಡೆಗೆ ಬರೆದ ಬುದ್ಧ, ಬಾಬಾಸಾಹೇಬರು, ಅವರ ಮುಂದೆ ಪೊರಕೆ ಹಿಡಿದೇ ಫೋಟೋಗೆ ನಿಂತ ಅವಳ ಅಮ್ಮ ಮಾರಮ್ಮ. ಸೋಮವಾರ ಶಾಸ್ತ್ರಿಗಳು ಅಂಚಿನ ಬಳ್ಳಿ ಆರಿಸುತ್ತಾರೆ, ಆಲ್ಬಂ ತನ್ನಿ ಎಂದಿದ್ದರು. ಮಗಳ ಯೂನಿಫಾರಂಗೆ ಇಸ್ತ್ರಿ ಉಜ್ಜುತ್ತ, ಬಸ್ಸಿಗೆ ಹೊತ್ತಾಯಿತೆಂದು ಕೈಗೆ ಸಿಕ್ಕಿದ್ದನ್ನು ಎಳೆದುಕೊಂಡು ಬಂದಿದ್ದಳು. ಕೆಂಪಿನದು.

ಹಾಳೆ ತಿರುವುತ್ತಿದ್ದ ವಿಜಯಲಕ್ಷ್ಮಿಯ ಬೆರಳು ನಿಂತಿತ್ತು.

"ಇದೆಲ್ಲಿ?"

"ಸಿದ್ದಾಪುರ ಮೇಡಂ. ನಮ್ ಏರಿಯಾ."

"ಓ... ನಿಮ್ ಏರಿಯಾ."

ಅಷ್ಟೇ. ಮಾರನೆಯ ದಿನ ಸ್ಟೀಲ್ ಲೋಟ ಹೋಗಿ ಪೇಪರ್ ಕಪ್ ಬಂತು. 'ನೀವು' ಹೋಗಿ 'ನೀನು' ಬಂತು. ಕೆಲಸ ಮಾಡುವಷ್ಟು ಹೊತ್ತೂ ಬಾಗಿಲ ಸಂದಿಯಲ್ಲಿ ಯಾರಾದರೊಬ್ಬರ ನೆರಳು. ಅಂದರೆ ಗೊತ್ತಾಗಿದೆ, ಆದರೂ ಯಾಕೆ ಓಡಿಸುತ್ತಿಲ್ಲ? ಆ ಲೆಕ್ಕವೇ ಕಲ್ಯಾಣಿಗೆ ಹತ್ತುತ್ತಿರಲಿಲ್ಲ.

ಇವತ್ತು ಹತ್ತಿತು.

ಸ್ಟೂಲು ಹತ್ತಿ ಕಪ್ಪು ಬಣ್ಣ ಕಲಸುತ್ತಿದ್ದಳು. ಕಣ್ಣು ಯಾವತ್ತೂ ಕೊನೆಗೆ. ಅದು ಬರೆದ ಮೇಲೆಯೇ ದೇವರು. ಪಕ್ಕದ ಹಾಲಿನಲ್ಲಿ ವಾಸ್ತು ಹೋಮಕ್ಕೆ ಇಟ್ಟಿಗೆ ಜೋಡಿಸುತ್ತಿದ್ದ ಶಾಸ್ತ್ರಿ ಓಡಿ ಬಂದ. ಹಿಂದೆಯೇ ಮಡಿ ಪಂಚೆಯುಟ್ಟ ತಿಮ್ಮರಾಯಪ್ಪ.

"ನಿಲ್ಸಮ್ಮಾ!" ಎಂದ ಶಾಸ್ತ್ರಿ. "ಕಣ್ಣು ನಮ್ಮ ತಂಗಿ ಮಗ ಬರೀತಾನೆ. ನಾಳೆ ಬೆಳಿಗ್ಗೆ ಮಡೀಲಿ ಬರ್ತಾನೆ."

"ಬರ್ದೋರೇ ಕಣ್ಣು ಬರೀಬೇಕು ಸ್ವಾಮಿ."

"ಎರಡು ಚುಕ್ಕೆ ತಾನೆ, ಬಿಟ್ಟಾಕು," ತಿಮ್ಮರಾಯಪ್ಪ ಹೇಳಿದ. "ಹಂಗೇ ಆ ಹೆಸ್ರೂ ಒರ್ಸ್ಬಿಡು. ದೇವ್ರ ಕಾಲ್ ಹತ್ರ ಫೋನ್ ನಂಬರ್ ಏನ್ ಚೆಂದ?"

"ಸೈನ್ ಹಾಕಿದ್ದೀರ ಸಾರ್."

"ಹಾಕ್ದಾಗ ನೀನ್ಯಾರು ಅಂತ ಗೊತ್ತಿತ್ತಾ?"

"ರೀ," ಎಂದಳು ವಿಜಯಲಕ್ಷ್ಮಿ, ಮೆಲ್ಲಗೆ.

ಕಲ್ಯಾಣಿ ಗೋಡೆ ನೋಡಿದಳು. "ಪಾದ ಬರ್ದೆ, ಕೈ ಬರ್ದೆ, ಎದೆ ಬರ್ದೆ. ಅದಕ್ಕೆಲ್ಲ ಇಲ್ದಿರೋ ಮೈಲಿಗೆ ಕಣ್ಣಿಗೆ ಮಾತ್ರ ಬರುತ್ತಾ?"

"ಅದು ಪುಣ್ಯಾಹಕ್ಕೆ ಹೋಗುತ್ತಮ್ಮ."

"ಕಣ್ಣಿಗೂ ಎರಡು ಹನಿ ಚಿಮ್ಕಿಸಿ. ನೀರೇನು ಕಮ್ಮಿ ಬೀಳುತ್ತಾ?"

"ಬಾಯ್ ನೋಡು ಮುಂಡೇದು!" ತಿಮ್ಮರಾಯಪ್ಪ ಗುಡುಗಿದ. "ಇಳಿಯೇ ಕೆಳ್ಗೆ!"

ಅವಳು ಇಳಿಯಲಿಲ್ಲ. ಕಪ್ಪು ಬಣ್ಣ ಬದಿಗಿಟ್ಟು, ಮುಖಕ್ಕೆ ಹಚ್ಚಿದ್ದ ಬಣ್ಣವನ್ನೇ ಬ್ರಶ್ಶಿಗೆ ತೆಗೆದುಕೊಂಡು ಎರಡೂ ಕಣ್ಣಿನ ಖಾಲಿ ಜಾಗಕ್ಕೆ ತುಂಬಿದಳು. ಆಮೇಲೆ ತೆಳು ಬ್ರಶ್ಶಿನಲ್ಲಿ ಬಲಗಣ್ಣಿಗೆ ಒಂದೇ ಒಂದು ಕಪ್ಪು ಗೆರೆ, ಕೆಳಕ್ಕೆ ಬಾಗಿದ್ದು.

ಶಾಸ್ತ್ರಿಗೇ ಮೊದಲು ಹೊಳೆದದ್ದು. "ಏಯ್! ಕಣ್ಣು ಮುಚ್ತಿದಾಳಲ್ರೀ! ಲಕ್ಷ್ಮಿ ಕಣ್ಣು ಮುಚ್ತಿದಾಳೆ! ಎಳೀರಿ ಅವಳನ್ನ!"

ತಿಮ್ಮರಾಯಪ್ಪ ನುಗ್ಗಿ ಕೈ ಚಾಚಿದ.

"ಅಯ್ಯೋ, ಮುಟ್ಬೇಡಿ!" ಅದೇ ಶಾಸ್ತ್ರಿ ಕಿರುಚಿದ. "ಹೋಮಕ್ಕೆ ಕೂರೋರು ನೀವು!"

ಕೈ ಗಾಳಿಯಲ್ಲೇ ನಿಂತಿತು, ಅವಳ ಮೊಣಕೈಗೆ ಒಂದು ಗೇಣು ದೂರದಲ್ಲಿ. ವಿಜಯಲಕ್ಷ್ಮಿ ತನ್ನ ರೇಷ್ಮೆ ಸೆರಗನ್ನು ಮೈಗೆ ಸುತ್ತಿಕೊಂಡು ಹಿಂದೆ ಸರಿದಳು. ಶಾಸ್ತ್ರಿ ಬಾಗಿಲಾಚೆಗೇ ಉಳಿದ. ಮೂವರು, ಒಂದು ಸ್ಟೂಲು. ಯಾರಿಗೂ ಅವಳನ್ನು ಇಳಿಸಲಾಗಲಿಲ್ಲ.

"ಎನಾಮೆಲ್ ಸಾರ್," ಕಲ್ಯಾಣಿ ತಿರುಗದೆ ಹೇಳಿದಳು. "ಟರ್ಪೆಂಟೈನ್ ಹಾಕಿ ಉಜ್ಜಿದ್ರೆ ಮುಖಾನೂ ಕಿತ್ಕೊಂಡ್ ಬರುತ್ತೆ. ಹೆಸ್ರು ಬೇಕಾದ್ರೆ ಒರ್ಸ್ಕೊಳಿ."

"ಗೇಟ್ ಹಾಕ್ಸು! ಸ್ಟೇಷನ್‌ಗೆ ಫೋನ್ ಮಾಡ್ತೀನಿ. ಕಳ್ತನಕ್ಕೆ ಬಂದಿದ್ಲು ಅಂತೀನಿ ಇವ್ಳನ್ನ..."

ಹೊರಗೆ ಕಬ್ಬಿಣದ ಗೇಟು ದಢಾರನೆ ಮುಚ್ಚಿತು, ಚಿಲಕ ಬಿತ್ತು. ತಿಮ್ಮರಾಯಪ್ಪ ಮೊಬೈಲಿನಲ್ಲಿ ಯಾರಿಗೋ ವಿಳಾಸ ಹೇಳುತ್ತಿದ್ದ. ಕಲ್ಯಾಣಿ ಸ್ಟೂಲಿನ ಮೇಲೆಯೇ ಸ್ವಲ್ಪ ಸರಿದು ನಿಂತು ಬ್ರಶ್ಶನ್ನು ಕಪ್ಪು ಬಣ್ಣಕ್ಕೆ ಅದ್ದಿದಳು. ಎಡಗಣ್ಣಿನ ರೆಪ್ಪೆ ಇನ್ನೂ ಬಾಕಿ ಇತ್ತು.