ಬಿಚ್ಚದ ಹಾಸಿಗೆ

ನಮ್ಮ ಜನಕ್ಕೊಂದು ಚಟವಿದೆ, ನಿಮಗೂ ಗೊತ್ತಿರುವುದೇ. ಹೊಸ ಟಿವಿ ತಂದರೆ ರಿಮೋಟಿನ ಪ್ಲಾಸ್ಟಿಕ್ ಹರಿಯುವುದಿಲ್ಲ. ಸೋಫಾ ತಂದರೆ ಅದರ ಹೊದಿಕೆ ತೆಗೆಯುವುದಿಲ್ಲ. ಬೇಸಿಗೆಯಲ್ಲಿ ತೊಡೆ ಅಂಟಿಕೊಂಡು ಚರ್ಮ ಕಿತ್ತುಬಂದರೂ ಸರಿಯೇ, ಸೋಫಾ ಮಾತ್ರ ಹೊಸದಾಗಿಯೇ ಇರಬೇಕು. ಊರಲ್ಲಿದ್ದಾಗ ಇದು ನಗೆಚಾಟಿಕೆಯ ಮಾತು. ದೇಶ ಬಿಟ್ಟು ಬಂದ ಮೇಲೆ ಇದೇ ಚಟ ಒಬ್ಬ ತಾಯಿಯ ಕುತ್ತಿಗೆಗೆ ಬಂತು.

ಆಕೆ ಹೋಟೆಲೊಂದರ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಳು. ದಿನವಿಡೀ ಒದ್ದೆ ಚಾದರಗಳನ್ನು ಇಸ್ತ್ರಿ ಮಾಡುವ ಬಿಸಿ ರೋಲರಿಗೆ ಕೊಡುವುದು, ಆಚೆ ಬಂದದ್ದನ್ನು ನಾಲ್ಕು ಮಡಿಕೆ ಮಾಡಿ ಪೇರಿಸುವುದು. ಗಂಡ ಬೇಕರಿಯಲ್ಲಿ ಒಲೆಯ ಮುಂದೆ. ಬಂದು ಮೂರು ವರ್ಷವಾಗಿತ್ತು. ಬರುವಾಗ ಮಗಳು ಚೂಟಿಗೂ ಮೂರೇ ವರ್ಷ. ಅವಳನ್ನು ಅಕ್ಕನ ಮನೆಯಲ್ಲಿ ಬಿಟ್ಟು, "ಆರೇ ತಿಂಗಳು ಕಂದಾ, ಕರೆಸ್ಕೊಂಡುಬಿಡ್ತೀನಿ" ಎಂದು ಹೇಳಿ ವಿಮಾನ ಹತ್ತಿದ್ದಳು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ, ಪಾಪ. ಅಕ್ಕನ ಇಬ್ಬರು ಮಕ್ಕಳ ಜೊತೆ ಮೂರನೆಯವಳಾಗಿ ಬೆಳೆದ ಚೂಟಿಗೆ ಈಗ ಆರು ತುಂಬಿತ್ತು.

ಮಗುವನ್ನು ಕರೆಸಿಕೊಳ್ಳಬೇಕಾದರೆ ಅಲ್ಲಿಯ ಕಾನೂನಿಗೆ ಬರೀ ಪ್ರೀತಿ ಸಾಲದು. ತಮ್ಮದೇ ಹೆಸರಿನಲ್ಲಿ ಬಾಡಿಗೆ ಮನೆ ಇರಬೇಕು, ಮಗುವಿಗೊಂದು ಕೋಣೆ, ಆ ಕೋಣೆಯಲ್ಲಿ ಮಂಚ, ಮೇಜು, ದೀಪ ಇರಬೇಕು. ಅಧಿಕಾರಿ ಬಂದು ಕಣ್ಣಾರೆ ನೋಡಿ 'ಸರಿ' ಎಂದು ಬರೆದರೆ ಮುಂದಿನ ತಿಂಗಳೇ ಚೂಟಿ ಬರಬಹುದು. ಬರೆಯದಿದ್ದರೆ ಒಂದು ವರ್ಷ ಮತ್ತೆ ಅರ್ಜಿ ಹಾಕುವಂತಿಲ್ಲ.

ಅಷ್ಟು ದಿನ ಬೇರೆಯವರ ಜೊತೆ ಒಂದೇ ಕೋಣೆ ಹಂಚಿಕೊಂಡಿದ್ದ ಗಂಡಹೆಂಡತಿ ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಮನೆ ಹಿಡಿದರು. ಲಿಫ್ಟು ಕೆಟ್ಟಿತ್ತು. ಮಂಚದ ಹಲಗೆಗಳನ್ನು ಗಂಡ ಬೆನ್ನ ಮೇಲೆ ಹೊತ್ತು ಹತ್ತಿದ. ಕೂತು ಸ್ಕ್ರೂ ತಿರುಗಿಸಿದ, ಒಂದು ಹಲಗೆ ಹಿಂದುಮುಂದಾಗಿ ಮತ್ತೆ ಎಲ್ಲ ಬಿಚ್ಚಿದ. ಮೂರು ಸಂಜೆ ಅದಕ್ಕೇ ಹೋಯಿತು. ಕಿಟಕಿಯ ಪಕ್ಕ ಮಂಚ, ಗೋಡೆಗೆ ಮೇಜು. ತಮಗೆಂದು ಅವರು ಏನೂ ಕೊಳ್ಳಲಿಲ್ಲ. ಈಚೆ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದರು.

"ಲೇ, ಹಾಸಿಗೆ ಪ್ಲಾಸ್ಟಿಕ್ ತೆಗ್ದು ಚಾದರ ಹಾಸ್ಬಿಡೋಣ್ವಾ?" ಎಂದು ಗಂಡ ಕೇಳಿದ್ದ.

"ಮುಟ್ಟಿ ನೋಡೋಣ! ನನ್ನ ಮಗಳು ಬಂದು ತನ್ನ ಕೈಯಾರೆ ಹರೀಲಿ. ಅವರಿವರು ಬಿಟ್ಟಿದ್ದ ಫ್ರಾಕು, ಅವರಿವರು ಬಿಟ್ಟಿದ್ದ ಬ್ಯಾಗು ಅಂತ ಮೂರು ವರ್ಷ ಕಳೆದಿದೆ ಮಗು. ಇದೊಂದಾದ್ರೂ ಅವಳೇ ಮೊದ್ಲು ಮುಟ್ಲಿ."

"ಆಯ್ತಮ್ಮ ತಾಯಿ, ನಾನು ಕೇಳೇ ಇಲ್ಲ ಅನ್ಕೋ" ಎಂದ ಗಂಡ. ಹಾಗೆ ದೀಪ ಡಬ್ಬದಲ್ಲೇ ಉಳಿಯಿತು. ಕುರ್ಚಿಯ ಕಾಲಿಗೆ ಸುತ್ತಿದ್ದ ರಟ್ಟೂ ಉಳಿಯಿತು. ಕಂಬಳಿ ಜಿಪ್ ಹಾಕಿದ ಚೀಲದಲ್ಲಿ, ಬೆಲೆಯ ಚೀಟಿ ಸಮೇತ, ಮಂಚದ ಕಾಲ್ದೆಸೆಯಲ್ಲಿ ಕೂತಿತು.

ಅಧಿಕಾರಿ ಬರುವ ದಿನ ಇಬ್ಬರೂ ರಜೆ ಹಾಕಿದರು. ಬೆಳಗ್ಗೆಯಿಂದ ಆಕೆಗೆ ಮೈಮೇಲೆ ದೇವರು ಬಂದ ಹಾಗಿತ್ತು. ನೆಲ ಎರಡು ಸಲ ಒರೆಸಿದಳು. ಚಾಪೆಗಳನ್ನು ಸುತ್ತಿ ಬಾಗಿಲ ಹಿಂದೆ ನಿಲ್ಲಿಸಿದಳು. ಒಣಹಾಕಿದ ಬಟ್ಟೆ ಮಾಯವಾಯಿತು, ಪಾತ್ರೆಗಳು ಕಪಾಟು ಸೇರಿದವು, ಗಂಡನ ಚಪ್ಪಲಿಯನ್ನು ಚೀಲಕ್ಕೆ ತುಂಬಿ ಎತ್ತಿಟ್ಟಳು. ಬಂದವರ ಕಣ್ಣಿಗೆ ಒಂದು ಎಂಜಲು ಲೋಟ ಬೀಳಬಾರದು, ಅಷ್ಟೇ.

ಹನ್ನೊಂದಕ್ಕೆ ಅಧಿಕಾರಿ ಬಂದಳು. ನಡುವಯಸ್ಸಿನ ಹೆಂಗಸು, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಳು. ಕೆಟ್ಟವಳೇನಲ್ಲ. ಬಾಗಿಲಲ್ಲೇ ನಗುತ್ತ ನಮಸ್ಕಾರ ಹೇಳಿದಳು. ಕಪಾಟು ತೆರೆದು ನೋಡಿದಳು, ನಲ್ಲಿ ತಿರುಗಿಸಿದಳು, ಮಗುವಿನ ಕೋಣೆಗೆ ಹೋದಳು. ಹಾಸಿಗೆಯ ಮೇಲೆ ಅಂಗೈ ಒತ್ತಿದಾಗ ಪ್ಲಾಸ್ಟಿಕ್ ಚರಚರ ಎಂದಿತು. ಅಲ್ಲಿಗೆ ಅವಳ ನಗು ನಿಂತಿತು.

ಆಮೇಲಿನ ಮಾತುಗಳನ್ನು ಗಂಡನೇ ತಿಳಿಸಿ ಹೇಳಬೇಕಾಯಿತು. ಅಷ್ಟು ಭಾಷೆ ಆಕೆಗೆ ಬಾರದು.

"ನಾವೆಲ್ಲಿ ಮಲಗ್ತೀವಿ ಅಂತ ಕೇಳ್ತಿದಾರೆ."

"ಚಾಪೆ ತೋರಿಸ್ರಿ."

ಗಂಡ ಬಾಗಿಲು ಸರಿಸಿ ತೋರಿಸಿದ. ಅಧಿಕಾರಿ ಎರಡು ಸುರುಳಿಗಳನ್ನೂ ನೋಡಿದಳು, ಖಾಲಿ ನೆಲವನ್ನೂ ನೋಡಿದಳು. ಏನೋ ಬರೆದುಕೊಂಡು ನಿಧಾನವಾಗಿ ಮಾತಾಡಿದಳು. ಗಂಡನ ಮುಖ ಬಿಳಿಚಿತು.

"ಏನಂತ್ರೀ? ಏನಂತ್ರೀ ಅವರು?"

"ಇಲ್ಲಿ ಯಾರೂ ವಾಸ ಇಲ್ಲ ಅಂತಿದಾರೆ ಕಣೆ. ಬರೀ ತೋರ್ಸೋಕೆ ಜೋಡಿಸಿರೋ ಮನೆಯಂತೆ. ಅಂಗಡಿಯಿಂದ ತಂದು, ಬಿಚ್ಚದೆ ಇಟ್ಟು, ನಾವು ನೋಡಿ ಹೋದ್ಮೇಲೆ ವಾಪಸ್ ಕೊಡೋರನ್ನ ತುಂಬಾ ಜನಾನ ನೋಡಿದೀನಿ ಅಂತಿದಾರೆ."

"ಅಯ್ಯೋ ಶಿವನೇ! ಅಲ್ಲ ಅನ್ರೀ! ಮಗಳಿಗೋಸ್ಕರ ಇಟ್ಟಿದೀನಿ ಅನ್ರೀ!"

ಗಂಡ ಹೇಳಿದ. ಬೆವರುತ್ತ, ತಡವರಿಸುತ್ತ ಹೇಳಿದ. ಆದರೆ ಮಗು ಬರುವ ಕೋಣೆಯನ್ನು ಮಗುವಿಗಾಗಿಯೇ ಮುಟ್ಟದೆ ಇಡುವ ಪ್ರೀತಿಯನ್ನು ಯಾವ ಭಾಷೆಯಲ್ಲಿ ಹೇಳುವುದು? ನಮ್ಮವರಲ್ಲಿ ಯಾರಿಗೇ ಹೇಳಿದರೂ ತಲೆಯಾಡಿಸುತ್ತಿದ್ದರು. ಅಧಿಕಾರಿಯೂ ತಲೆಯಾಡಿಸಿದಳು, ಅಡ್ಡಡ್ಡ.

ಆಕೆ ಓಡಿಹೋಗಿ ಹಾಸಿಗೆಯ ಪ್ಲಾಸ್ಟಿಕ್ಕಿಗೆ ಕೈ ಹಾಕಿದಳು. ದಪ್ಪ ಪ್ಲಾಸ್ಟಿಕ್, ಹರಿಯಲೊಲ್ಲದು. ಹಲ್ಲು ಹಾಕಿ ಕಚ್ಚಿ ಎಳೆದಳು. ಕಂಬಳಿ ಕಿತ್ತು ಹಾಸಿದಳು, ಡಬ್ಬ ಒಡೆದು ದೀಪ ತೆಗೆದಳು, ಪ್ಲಗ್ಗು ಸಿಕ್ಕಿಸಿದಳು. ಹಾಡುಹಗಲಲ್ಲಿ ದೀಪ ಉರಿಯಿತು. "ನೋಡಿ, ಈಗ ನೋಡಿ ತಾಯಿ, ವಾಪಸ್ ಕೊಡೋಕೆ ಆಗುತ್ತಾ ಇದನ್ನ?" ಎಂದು ಕನ್ನಡದಲ್ಲೇ ಗೋಗರೆದಳು. ಅಧಿಕಾರಿಯ ಕಾಲನ್ನೂ ಹಿಡಿಯಲು ಹೋದಳು. ಅವಳು ಗಾಬರಿಯಾಗಿ ಹಿಂದೆ ಸರಿದಳು.

"ಬಂದಾಗ ಏನು ನೋಡಿದ್ನೋ ಅದನ್ನೇ ಬರೀಬೇಕಂತೆ," ಎಂದ ಗಂಡ. "ಬೇಜಾರಾಗ್ತಿದೆ ಅಂತಿದಾರೆ. ಮುಂದಿನ ವರ್ಷ ಮತ್ತೆ ಹಾಕಿ ಅಂತಿದಾರೆ."

ಅಧಿಕಾರಿ ಮೆಟ್ಟಿಲಿಳಿದು ಹೋದ ಸದ್ದು ಕೆಳಗಿನ ಬಾಗಿಲವರೆಗೂ ಕೇಳಿಸಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಗಂಡ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆಕೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು, ಗಂಡ ಕೈ ಹಿಡಿದು ನಿಲ್ಲಿಸಿದ.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಅಕ್ಕನ ಮನೆಯಿಂದ ವಿಡಿಯೋ ಕರೆ. ಬೆಳಗಿನಿಂದ ಅವರೂ ಕಾದು ಕೂತಿದ್ದರು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಎತ್ತಿದಳು. ಎರಡು ಜಡೆಯ ಚೂಟಿ ತೆರೆಯ ತುಂಬ ಮುಖ ತಂದು ಕೂತಿದ್ದಳು.

"ಆಫೀಸರ್ ಬಂದಿದ್ರಾ?"

"ಬಂದಿದ್ರು ಕಂದಾ. ಸ್ವಲ್ಪ ತಡ ಆಗುತ್ತಂತೆ."

"ಎಷ್ಟು ತಡ?"

"ಒಂದು ವರ್ಷ."

ಚೂಟಿ ಅಳಲಿಲ್ಲ. ಜಡೆಯ ತುದಿ ಬಾಯಿಗಿಟ್ಟುಕೊಂಡು ಯೋಚಿಸಿದಳು. ಆಮೇಲೆ ದೊಡ್ಡವರ ಹಾಗೆ ಸಮಾಧಾನ ಹೇಳಿದಳು: "ಪರವಾಗಿಲ್ಲ ಬಿಡಿ ಚಿಕ್ಕಮ್ಮ. ನೀವು ಅಳ್ಬೇಡಿ."

ಅಕ್ಕನ ಮಕ್ಕಳು ಆಕೆಯನ್ನು ಕರೆಯುವುದು ಹಾಗೆ. ತೆರೆಯ ಆಚೆಯಿಂದ ಅಕ್ಕ ಗದರಿದ್ದು ಕೇಳಿಸಿತು: "ಏಯ್, ಯಾರಿಗೇ ಚಿಕ್ಕಮ್ಮ ಅಂದಿದ್ದು? ಅದು ನಿನ್ನ ಅಮ್ಮ ಅಲ್ವೇನೇ!"

"ಅಯ್ಯೋ, ಬಾಯ್ತಪ್ಪಿ ಬಂತು ಅಮ್ಮಾ," ಎಂದಳು ಚೂಟಿ. ಹೇಳಿದ್ದು ಫೋನಿಗಲ್ಲ, ಪಕ್ಕಕ್ಕೆ ತಿರುಗಿ ದೊಡ್ಡಮ್ಮನಿಗೆ.